ಟಿಕೆಟ್ಟಿನ ಹಿಂಬದಿ

ಒಂಬತ್ತು ಅಂಕಿ.
ಬಂದರೆ ಬಂತು, ಇಲ್ಲದಿದ್ದರೆ ನಾಳೆ ನೋಡೋಣ
ಅನ್ನುತ್ತಾಳೆ ತಂಗಿ, ಕಾರು ಹಿಂದಕ್ಕೆ ತೆಗೆಯುತ್ತ.
ಟೊಲೀಡೊದಲ್ಲಿ ನವೆಂಬರಿನ ಐದೂವರೆ
ಬೆಳಗಿನ ಲೆಕ್ಕಕ್ಕೇ ಬರುವುದಿಲ್ಲ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ.
ಮೊದಲ ದಿನ ತುಂಬಿದ ಕಾಗದದಲ್ಲಿ
ನಂಬರಿನ ಚೌಕ ಖಾಲಿ. ಡ್ವೈಟ್ ಪೆನ್ನು ಇಸಕೊಂಡು
ಎರಡೇ ಶಬ್ದ ಬರೆದ: ಅಪ್ಲೈಡ್ ಫಾರ್.
ಅರ್ಜಿ ಹಾಕಿದೆ.
ಅಷ್ಟು ಸಾಕಂತೆ, ಕೆಲಸಕ್ಕೆ ನಿಲ್ಲಬಹುದಂತೆ.
ನನಗೇ ನಂಬಿಕೆ ಬರಲಿಲ್ಲ.
ಹದಿನೆಂಟು ವರ್ಷ ಗದಗ ಡಿಪೋದ ಕಂಡಕ್ಟರು ನಾನು,
"ಪಾಸು ಮಾಡಸಾಕ ಕೊಟ್ಟೇನ್ರೀ ಅಕ್ಕಾರ" ಅಂದವರನ್ನು
ಒಬ್ಬರನ್ನೂ ಬಿಟ್ಟವಳಲ್ಲ.
ಒಬ್ಬನನ್ನು ಬಿಟ್ಟಿದ್ದೆ.
ಅವನ ಕೈಯಲ್ಲಿ ಪರೀಕ್ಷೆಯ ಹಾಲ್ ಟಿಕೆಟ್ ನಡುಗುತ್ತಿತ್ತು.

ಪಾಸ್‌ಪೋರ್ಟಿನಲ್ಲಿ ನನಗೆ ಒಂದೇ ಹೆಸರು.
ಅಡ್ಡಹೆಸರು ಊರಲ್ಲಿತ್ತು,
ಕರೆಯುವುದಕ್ಕೆ, ಬರೆಯುವುದಕ್ಕಲ್ಲ.
ಈ ದೇಶಕ್ಕೆ ಎರಡು ಬೇಕು. ಇಲ್ಲದ ಜಾಗಕ್ಕೆ
ಮೂರು ಅಕ್ಷರ ತುಂಬಿದರು, ಎಫ್ ಎನ್ ಯು:
ಮೊದಲ ಹೆಸರು ಗೊತ್ತಿಲ್ಲ.
ಈಗ ಹಾಜರಿ ಮಿಷಿನ್ನಿಗೆ ಬೆರಳು ಒತ್ತಿದರೆ
ಗುಡ್ ಮಾರ್ನಿಂಗ್ ಫ್ನು.
ಜೊತೆಯವಳು ನಜ್ಲಾ, ಬೇರೂತಿನವಳು, ಕೇಳಿದಳು:
ಫನೂ ಅಂದರೆ ನಿಮ್ಮಲ್ಲಿ ಏನರ್ಥ?
ಹೂವು ಅಂದುಬಿಟ್ಟೆ.
ಶಂಕ್ರೆವ್ವ ಎಂಬ ಇಡೀ ಹೆಂಗಸು
ಅದರ ಹಿಂದೆ ನಿಂತು ನಕ್ಕಳು.

ಕೆಲಸ ಕಠಿಣದ್ದಲ್ಲ. ಒದ್ದೆ ದುಪ್ಪಟಿಯ
ಒಂದು ತುದಿ ನಾನು, ಒಂದು ತುದಿ ನಜ್ಲಾ,
ಉರುಳೆಯ ಬಾಯಿಗೆ ಕೊಟ್ಟರೆ
ಆಚೆ ಕಡೆ ಹಪ್ಪಳದ ಹಾಗೆ ಬಿಸಿಬಿಸಿ.
ಯಾರು ಮಲಗಿದ್ದರೋ, ಯಾರು ಎದ್ದು ಮನೆಗೆ ಹೋದರೋ,
ಯಾರು ಏಳಲೇ ಇಲ್ಲವೋ,
ಕಲೆ ಹೋದ ಮೇಲೆ ಎಲ್ಲ ಒಂದೇ ಅಳತೆ.
ದುಪ್ಪಟಿಗೂ ನಂಬರಿದೆ, ಅಂಚಿನಲ್ಲಿ,
ನೂರು ಸಲ ಒಗೆದರೂ ಹೋಗದ್ದು.
ನನಗೂ ಇತ್ತು. ಬಿಲ್ಲೆ ನಂಬರು ಎರಡು ಸಾವಿರದ ಇನ್ನೂರಾ ಹದಿನೇಳು.
ಅದನ್ನು ಕಳಚಿ ಮೇಜಿನ ಮೇಲಿಟ್ಟ ದಿನ
ಖಾಕಿಯ ಮೇಲೆ ಒಂದು ಗುಂಡಗಿನ ತುಂಡು
ಇನ್ನೂ ಹೊಸದಾಗಿಯೇ ಇತ್ತು.

ಹದಿನಾಲ್ಕು ವರ್ಷ ವೀಸಾಕ್ಕೆ ಕಾದವಳಿಗೆ
ಹದಿನಾಲ್ಕು ದಿನ ಯಾವ ಲೆಕ್ಕ, ಅನ್ನುತ್ತಾಳೆ ತಂಗಿ.
ಆಗ ಕಾಯುವುದರ ಜೊತೆ ಗಾಡಿ ಓಡುತ್ತಿತ್ತಲ್ಲ.
ಈಗ ದಿನಾ ಸಂಜೆ ಗೇಟಿನ ಪತ್ರದ ಡಬ್ಬಿ ತೆರೆಯುತ್ತೇನೆ.
ಹಿಂದೆ ಈ ಮನೆಯಲ್ಲಿದ್ದವನ ಹೆಸರಿಗೆ
ಪಿಜ್ಜಾ ಕೂಪನ್ನು, ಕಿವಿ ಮಿಷಿನ್ನಿನ ಜಾಹೀರಾತು,
ಸಾಲ ಬೇಕೇ ಎಂದು ಕೇಳುವ ಕಾಗದ.
ಅವನು ಸತ್ತು ಎರಡು ವರ್ಷ.
ಅವನು ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲ,
ನಾನು ಇದ್ದೇನೆ ಎಂಬುದೂ.

ಮೊದಲ ಸಂಬಳದ ಚೆಕ್ಕು ಕೈಗೆ ಬಂತು.
ಬ್ಯಾಂಕಿನ ಹುಡುಗಿ ನಗುನಗುತ್ತಲೇ
ನಂಬರಿಲ್ಲದೆ ಖಾತೆ ಇಲ್ಲ ಅಂದಳು.
ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಇವತ್ತು ಉರುಳೆ ಕೆಟ್ಟು ಅರ್ಧ ತಾಸು ನಿಂತಿತು.
ಕೂತಲ್ಲೇ ನೆನಪಾಯಿತು.
ಚಿಲ್ಲರೆ ಇಲ್ಲದ ಮೊದಲ ಟ್ರಿಪ್ಪಿನಲ್ಲಿ
ಟಿಕೆಟ್ಟಿನ ಹಿಂದೆ ಬಾಕಿ ಗೀಚಿ ಕೊಡುತ್ತಿದ್ದೆ:
ಇಳಿಯೂ ಮುಂದ ಕೇಳಿ ಇಸಕೋರಿ.
ಬೆವರಿಗೆ ಅಂಕಿ ಅಳಿಸಿದ್ದರೂ
ಮುಖ ನೋಡಿ ಕೊಟ್ಟಿದ್ದೇನೆ, ಎಷ್ಟೋ ಜನಕ್ಕೆ.

ಒಮ್ಮೆ ಮಾತ್ರ, ಅಬ್ಬಿಗೇರಿ ಕ್ರಾಸಿನಲ್ಲಿ,
ಕೊರಳಿಗೆ ಟವೆಲ್ಲು ಸುತ್ತಿದ ಮುದುಕ
ಮೂವತ್ತಾರು ರೂಪಾಯಿ ಮರೆತು ಇಳಿದ.
ನಾನು ನೋಡಿದೆ. ಗಾಡಿ ತುಂಬಿತ್ತು, ಹೊತ್ತಾಗಿತ್ತು,
ರೈಟ್ ಅಂದೆ.
ಹಿಂದಿನ ಗಾಜಿನಲ್ಲಿ ಅವನು,
ಕೂಗಲಿಲ್ಲ, ಕೈ ಎತ್ತಲಿಲ್ಲ,
ಧೂಳಲ್ಲಿ ನಿಂತು ಟಿಕೆಟ್ಟು ತಿರುಗಿಸಿ
ಏನು ಬರೆದಿದೆಯೆಂದು ಓದುತ್ತಿದ್ದ.